ಹನ್ನೊಂದನೆಯ ಹೇಸರಗತ್ತೆ

ಡಿಪೋದಲ್ಲಿ ಅವನನ್ನು ಎಲ್ಲರೂ ಲಿಸ್ಟಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪುಸ್ತಕದೊಳಗೆ ಬೆಚ್ಚಗೆ ಮಲಗಿತ್ತು. ಪಟ್ಟಿ ಬರೆಯದೆ ಈ ಮನುಷ್ಯ ಸ್ನಾನಕ್ಕೂ ಹೋಗುವುದಿಲ್ಲ ಎಂದು ಲಾರಿ ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ತವರಿಗೆ ಕಳಿಸುವಾಗ ಅವಳ ಪೆಟ್ಟಿಗೆಯ ಮುಚ್ಚಳದ ಒಳಗಡೆ ‘ಬಟ್ಟೆ ಆರು, ಬಾಚಣಿಗೆ ಒಂದು, ಸೋಪು ಅರ್ಧ’ ಎಂದು ಚೀಟಿ ಅಂಟಿಸಿದ್ದ. ಆ ಅರ್ಧ ಸೋಪಿನ ಮಾತು ತೆಗೆದು ತವರಿನವರು ಇಪ್ಪತ್ತು ವರ್ಷ ನಕ್ಕರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಹೆಂಡತಿಯ ತಮ್ಮ.

ಅದು ಸೈನ್ಯದ ಸರಬರಾಜು ಡಿಪೋ. ಬೆಟ್ಟದ ನೆತ್ತಿಯ ಮೇಲಿನ ಕಾವಲು ಠಾಣೆಗಳಿಗೆ ಹಿಟ್ಟಿನಿಂದ ಹಿಡಿದು ಸೂಜಿಯವರೆಗೆ ಎಲ್ಲವೂ ಇಲ್ಲಿಂದಲೇ ಹೋಗಬೇಕು. ರಸ್ತೆ ಇರುವಷ್ಟು ದೂರ ಲಾರಿ, ಅಲ್ಲಿಂದಾಚೆ ಎರಡು ದಿನ ಹೇಸರಗತ್ತೆಯ ಬೆನ್ನು. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ತಲುಪಿದ್ದಷ್ಟೇ ಲಾಭ. ಆಮೇಲೆ ನಾಲ್ಕೈದು ತಿಂಗಳು ಮೇಲಿನವರು ಇದ್ದುದರಲ್ಲೇ ದಿನ ನೂಕಬೇಕು.

ಲಿಸ್ಟಪ್ಪನಿಗೆ ಪೆಟ್ಟಿಗೆ ಕಟ್ಟುವುದನ್ನು ಕಲಿಸಿದವನು ಹಗ್ಗದಜ್ಜ. ಮೂವತ್ತೆಂಟು ವರ್ಷ ಅದೇ ಷೆಡ್ಡಿನಲ್ಲಿ ಹಗ್ಗ ಎಳೆದು ಎಳೆದು ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಅಜ್ಜನ ಕಟ್ಟು ನೋಡಿದರೆ ಲಿಸ್ಟಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಪೆಟ್ಟಿಗೆಯಲ್ಲೂ ಎಲ್ಲವೂ ಚೂರು ಚೂರು: ಒಂದಿಷ್ಟು ಹಿಟ್ಟು, ಒಂದಿಷ್ಟು ಬೇಳೆ, ನಾಲ್ಕು ಬೆಂಕಿಪೊಟ್ಟಣ, ಎರಡು ಸ್ಟವ್ ಪಿನ್ನು, ಒಂದು ಜೊತೆ ಕಾಲುಚೀಲ, ಜ್ವರದ ಮಾತ್ರೆ. ಒಂದರ ಅಳತೆ ಇನ್ನೊಂದಕ್ಕೆ ಕೂಡದೆ ಮೂಲೆ ಮೂಲೆಯಲ್ಲಿ ಜಾಗ ಖಾಲಿ. ಒಂದೊಂದು ಪೆಟ್ಟಿಗೆಗೂ ಒಂದೊಂದು ಪುಟ ಪಟ್ಟಿ.

“ಒಂದು ಪೆಟ್ಟಿಗೆ ಅಂದ್ರೆ ಒಂದು ಸಂಸಾರ ಕಣಯ್ಯಾ,” ಎನ್ನುತ್ತಿದ್ದ ಅಜ್ಜ. “ಸಂಸಾರ ಅಂದ್ಮೇಲೆ ಎಲ್ಲಾ ಇರ್ಬೇಕು.”

“ಜಾಗ ಎಷ್ಟು ದಂಡ ಆಗ್ತಿದೆ ನೋಡಿ ಅಜ್ಜಾ.”

“ಆಗ್ಲಿ ಬಿಡು. ಹೇಸರಗತ್ತೆ ಬೀಳುತ್ತೆ ಅಂತ ತಿಳ್ಕೊಂಡೇ ಕಟ್ಬೇಕು. ಬೀಳೋದೇ ಇಲ್ಲ ಅಂತ ಕಟ್ಟೋನು ಬೆಟ್ಟ ನೋಡಿಲ್ಲ ಅಂತ ಅರ್ಥ.”

ಲಿಸ್ಟಪ್ಪ ಬೆಟ್ಟ ನೋಡಿರಲಿಲ್ಲ, ಆ ಮಾತು ನಿಜ. ಮೋಡವಿಲ್ಲದ ದಿನ ಡಿಪೋದ ಅಂಗಳದಿಂದ ದೂರದಲ್ಲಿ ಬೆಳ್ಳಗೆ ಏನೋ ಕಾಣುತ್ತಿತ್ತು, ಅಷ್ಟೇ. ಆದರೂ ಅಜ್ಜ ನಿವೃತ್ತನಾಗಿ ಷೆಡ್ಡಿನ ಬೀಗದಕೈ ಇವನ ಸೊಂಟಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ಇವನು ಪದ್ಧತಿ ಬದಲಿಸಿದ. ಹಿಟ್ಟಿನದೇ ಒಂದು ಪೆಟ್ಟಿಗೆ, ಬೇಳೆಯದೇ ಒಂದು, ಬಟ್ಟೆಯದೇ ಒಂದು. ಬೆಂಕಿಪೊಟ್ಟಣ, ಸ್ಟವ್ ಪಿನ್ನು, ವಾಷರು, ಬ್ಯಾಟರಿ ಇಂಥ ಚಿಲ್ಲರೆಗಳೆಲ್ಲ ಸೇರಿ ‘ಸಣ್ಣ ಸಾಮಾನು’ ಎಂಬ ಒಂದೇ ಪೆಟ್ಟಿಗೆ. ಒಂದೇ ಅಳತೆಯ ಡಬ್ಬಗಳು ಗೋಡೆ ಕಟ್ಟಿದಂತೆ ಕೂತವು. ಮೊದಲು ಒಂದು ಠಾಣೆಗೆ ಇಪ್ಪತ್ತಾರು ಹೇಸರಗತ್ತೆ ಬೇಕಾಗಿದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ಪಟ್ಟಿ ಒಂದೇ ಪುಟ.

ಸಾಹೇಬರು ಆ ಒಂದು ಪುಟ ಹಿಡಿದು ಬೆಳಕಿಗೆ ಎತ್ತಿ ನೋಡಿದರು, ಖೋಟಾ ನೋಟು ನೋಡುವವರ ಹಾಗೆ. ಆಮೇಲೆ ಬೆನ್ನು ತಟ್ಟಿದರು. ಲಿಸ್ಟಪ್ಪನಿಗೆ ಬಡ್ತಿ ಬಂತು, ಎಲ್ಲರ ಮುಂದೆ ಕರೆದು ಪ್ರಶಂಸಾಪತ್ರ ಕೊಟ್ಟರು. ಡಿಪೋದಲ್ಲೇ ಡೇರೆ ರಿಪೇರಿ ಮಾಡುವ ಹೊಲಿಗೆ ಷೆಡ್ಡಿನಲ್ಲಿದ್ದ ಅವನ ಹೆಂಡತಿ ಅವತ್ತು ಮಧ್ಯಾಹ್ನ ಇಡೀ ಷೆಡ್ಡಿಗೆ ಟೀ ಕೊಡಿಸಿದಳು. ಮೊದಲ ವರ್ಷ ಎಲ್ಲ ಸಾಮಾನೂ ಸುಸೂತ್ರವಾಗಿ ತಲುಪಿತು. ಅಜ್ಜನ ಮಾತೆಲ್ಲ ಹಳೇ ಕಾಲದ ಹೆದರಿಕೆ ಎಂದು ಲಿಸ್ಟಪ್ಪ ತೀರ್ಮಾನಿಸಿದ. ಅದೃಷ್ಟವನ್ನು ಬುದ್ಧಿ ಎಂದು ತಿಳಿದವರಲ್ಲಿ ಅವನೇನೂ ಮೊದಲಿಗನಲ್ಲ.

ಎರಡನೆಯ ವರ್ಷ, ದಾರಿ ಮುಚ್ಚುವುದಕ್ಕೆ ಮುಂಚಿನ ಕೊನೆಯ ಸರದಿಯಲ್ಲಿ, ಹನ್ನೊಂದನೆಯ ಹೇಸರಗತ್ತೆ ಹಿಮಗಡ್ಡೆಯ ಮೇಲೆ ಜಾರಿ ಕಮರಿಗೆ ಬಿತ್ತು. ಅದರ ಬೆನ್ನ ಮೇಲಿದ್ದದ್ದು ಸಣ್ಣ ಸಾಮಾನಿನ ಪೆಟ್ಟಿಗೆ. ಅದರ ಬೆನ್ನಿಗೆ ಹೊರೆ ಕಟ್ಟಿ ನಡೆಸುತ್ತಿದ್ದವನು ಲಿಸ್ಟಪ್ಪನ ಬಾಮೈದ, ಅದೇ ಅರ್ಧ ಸೋಪಿಗೆ ನಗುತ್ತಿದ್ದವನು.

ಮೇಲಿನ ಠಾಣೆಯಲ್ಲಿ ಒಂಬತ್ತು ಜನ. ಹಿಟ್ಟಿತ್ತು, ಬೇಳೆ ಇತ್ತು, ಸೀಮೆಎಣ್ಣೆಯಂತೂ ಡಬ್ಬಗಟ್ಟಲೆ ಇತ್ತು. ಆದರೆ ಸ್ಟವ್ವಿನ ತೂತು ಕಟ್ಟಿಕೊಂಡರೆ ಬಿಡಿಸಲು ಒಂದು ಪಿನ್ನಿಲ್ಲ. ಒಂದು ಕಾಸಿಗೂ ಬಾಳದ ಆ ತಗಡಿನ ಪಿನ್ನು! ಸ್ಟವ್ ಉರಿಯದಿದ್ದರೆ ಹಿಮ ಕರಗುವುದಿಲ್ಲ. ಹಿಮ ಕರಗದಿದ್ದರೆ ಕುಡಿಯಲು ನೀರೂ ಇಲ್ಲ. ಒಬ್ಬ ಸಿಪಾಯಿ ಕೈಗವಸು ಕಳಚಿ, ತಂತಿಯ ಎಳೆಯೊಂದನ್ನು ತೂತಿಗೆ ತೂರಿಸಲು ಹೆಣಗಿದ. ಆ ಚಳಿಯಲ್ಲಿ ಸೀಮೆಎಣ್ಣೆ ಬರಿಗೈ ಮೇಲೆ ಚೆಲ್ಲಿದರೆ ಮಾಂಸ ಸತ್ತುಹೋಗುತ್ತದೆ. ಒಂಬತ್ತು ದಿನದ ಮೇಲೆ ಗಾಳಿ ತಗ್ಗಿ, ಇಬ್ಬರು ಆಳುಗಳು ಬೆನ್ನಿಗೆ ಗಂಟು ಕಟ್ಟಿಕೊಂಡು ಹತ್ತಿದಾಗ ಬಾಯಲ್ಲೇ ಹಿಮ ಕರಗಿಸಿಕೊಂಡು ಎಲ್ಲರೂ ಹೇಗೋ ಬದುಕಿದ್ದರು. ಆ ಸಿಪಾಯಿಯ ಬಲಗೈಯ ನಾಲ್ಕು ಬೆರಳು ಉಳಿಯಲಿಲ್ಲ.

ವಿಚಾರಣೆ ಡಿಪೋದ ಆಫೀಸಿನಲ್ಲೇ ನಡೆಯಿತು. ಉದ್ದ ಮೇಜು, ಮೂವರು ಅಧಿಕಾರಿಗಳು, ಗೋಡೆಗೊರಗಿಸಿದ ಬೆಂಚು. ಬೆಂಚಿನ ಮೇಲೆ ಬಾಮೈದ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಹೇಸರಗತ್ತೆ ವರ್ಷಕ್ಕೆ ಎರಡೋ ಮೂರೋ ಬೀಳುವುದು ಇದ್ದದ್ದೇ. ಯಾರೂ ಒಂದು ಸಲವೂ ವಿಚಾರಣೆ ಮಾಡಿದವರಲ್ಲ. ಒಂದು ಬಿದ್ದದ್ದಕ್ಕೇ ಠಾಣೆ ಸಾಯುವ ಸ್ಥಿತಿಗೆ ಬಂದದ್ದು ಇದೇ ಮೊದಲು, ಹಾಗಾಗಿ ತಪ್ಪಿತಸ್ಥ ಒಬ್ಬ ಬೇಕಾಗಿದ್ದ. ಹೊರೆಯ ಕಟ್ಟು ಸಡಿಲವಿತ್ತು, ಪೆಟ್ಟಿಗೆ ಒಂದು ಕಡೆಗೆ ವಾಲಿತು, ಅದಕ್ಕೇ ಪ್ರಾಣಿ ಆಯ ತಪ್ಪಿತು ಎಂದು ಯಾರೋ ಊಹಿಸಿದರು. ಊಹೆ ಕಾಗದದ ಮೇಲೆ ಬಂದ ಕೂಡಲೇ ಸತ್ಯವಾಯಿತು.

“ಪೆಟ್ಟಿಗೆ ತುಂಬಿದ್ರಲ್ಲಿ ಏನಾದ್ರೂ ತಪ್ಪಿತ್ತಾ?” ಎಂದು ಕೇಳಿದರು.

ಲಿಸ್ಟಪ್ಪನಿಗೆ ಉತ್ತರ ಗೊತ್ತಿತ್ತು. ಹಗ್ಗದಜ್ಜನ ಪೆಟ್ಟಿಗೆಯಾಗಿದ್ದರೆ ಉಳಿದ ಪ್ರತಿಯೊಂದು ಪೆಟ್ಟಿಗೆಯಲ್ಲೂ ಎರಡು ಪಿನ್ನು ಇರುತ್ತಿದ್ದವು. ಒಂದಲ್ಲ, ಹತ್ತು ಬಿದ್ದಿದ್ದರೂ ಠಾಣೆಯಲ್ಲಿ ಸ್ಟವ್ ಉರಿಯುತ್ತಿತ್ತು. ಅದು ಗಂಟಲ ತನಕ ಬಂತು. ಮೇಜಿನ ಮೇಲೆ ಅವನ ಒಂದು ಪುಟದ ಪಟ್ಟಿ ಇತ್ತು.

“ಲಿಸ್ಟ್ ಪ್ರಕಾರ ಎಲ್ಲಾ ಸರಿಯಾಗಿತ್ತು ಸಾರ್,” ಎಂದ.

ಒಂದು ಅಕ್ಷರವೂ ಸುಳ್ಳಲ್ಲ. ಬಾಮೈದ ತಲೆ ಎತ್ತಿ ಭಾವನ ಕಡೆ ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ತಪ್ಪಿಸಿಕೊಂಡ ದೊಣ್ಣೆ ಯಾರ ಬೆನ್ನಿಗೆ ಬಿತ್ತು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಬಾಮೈದನನ್ನು ಕೆಲಸದಿಂದ ತೆಗೆದರು.

ಆ ಕೆಲಸ ಕೊಡಿಸಿದ್ದು ಅಕ್ಕನೇ. ಸಾಹೇಬರ ಕೈಕಾಲು ಹಿಡಿದು ಕೊಡಿಸಿದ್ದಳು. ಈಗ ಹೊಲಿಗೆ ಷೆಡ್ಡಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. “ನನ್ನ ಮುಖಕ್ಕೆ ಮಸಿ ಬಳಿದ. ಒಂದು ಗಂಟು ಸರಿಯಾಗಿ ಹಾಕೋಕೆ ಬರ್ಲಿಲ್ವಾ ಅವನಿಗೆ? ಯಾರೋ ಹೆತ್ತ ಮಗನ ಕೈ ಹೋಯ್ತಲ್ರೀ,” ಎಂದು ಗಂಡನ ಮುಂದೆ ಅತ್ತಳು. ಗಂಡ ಅವಳ ತಲೆ ಸವರಿದ. ತಮ್ಮ ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬಂದು “ಅಕ್ಕಾ” ಎಂದು ಎರಡು ಸಲ ಕರೆದ. ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಲಿಸ್ಟಪ್ಪ ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದವನು ಏಳಲೂ ಇಲ್ಲ. ಶಾಲೆಗೆ ಹೋಗುವ ಮಗಳು “ಮಾಮ ಬಂದಿದ್ದಾರೆ, ಬಾಗಿಲು ತೆಗೀಲಾ?” ಎಂದು ಕೇಳಿದಾಗ “ಅಮ್ಮನ್ನ ಕೇಳು” ಎಂದ. ಎಂಥ ಗಂಡಸು!

ಇಷ್ಟಾದರೆ ಹೆದರಿಕೆ ಎನ್ನಬಹುದಿತ್ತು. ಮುಂದಿನ ಬೇಸಿಗೆಯಲ್ಲಿ ನಡೆದದ್ದಕ್ಕೆ ಆ ಮಾತೂ ಒಪ್ಪುವುದಿಲ್ಲ. ಹಿಮ ಕರಗಿದ ಮೇಲೆ ಕಮರಿಯಲ್ಲಿ ಸಿಕ್ಕಿದ ಸಾಮಾನಿನ ಚೀಟಿಗಳು ಕೆಳಗಿನ ಡಿಪೋಗೆ ಬರುವುದು ಪದ್ಧತಿ. ಅಂಥದೊಂದು ಚೀಟಿ ಲಿಸ್ಟಪ್ಪನ ಮೇಜಿಗೆ ಬಂತು. ‘ಸಣ್ಣ ಸಾಮಾನು ಪೆಟ್ಟಿಗೆ ಒಂದು. ಜೀನಿಗೆ ಕಟ್ಟಿದಂತೆಯೇ ದೊರೆತಿದೆ. ಗಂಟು ಬಿಚ್ಚಿಲ್ಲ. ಹಗ್ಗ ಕೊಯ್ದು ತೆಗೆಯಲಾಯಿತು.’ ಯಾರೋ ಸಿಪಾಯಿ ಪೆನ್ಸಿಲಿನಲ್ಲಿ ಬರೆದದ್ದು. ಲಿಸ್ಟಪ್ಪ ಮೂರು ಸಲ ಓದಿದ. ಬಾಮೈದನ ಕಟ್ಟು ಗಟ್ಟಿಯಾಗಿಯೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಚೀಟಿಗೆ ನಂಬರು ಹಾಕಿದ, ಫೈಲಿಗೆ ಸೇರಿಸಿದ, ಫೈಲನ್ನು ಬೀರುವಿನ ಕೆಳಗಿನ ಹಲಗೆಯಲ್ಲಿ ಇಟ್ಟ. ಅವತ್ತಿನಿಂದ ಊಟ ಅವನಿಗೆ ಬರೀ ಅಭ್ಯಾಸವಾಯಿತು. ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಒಂದೇ ಸಲ. ಇವನದು ದಿನವೂ ಅದೇ ಕೆಲಸ.

ಅಪಘಾತವಾಗಿ ಎರಡು ವರ್ಷ ತುಂಬುವ ಮೊದಲು, ಬೇಸಿಗೆಯ ಆರಂಭದಲ್ಲಿ, ಮೇಲಿನಿಂದ ಆಜ್ಞೆ ಬಂತು. ಈ ಪದ್ಧತಿಯಿಂದ ಹೇಸರಗತ್ತೆಯ ಖರ್ಚು ಉಳಿದಿದೆ, ಎಲ್ಲ ಡಿಪೋಗಳಲ್ಲೂ ಇದೇ ಆಗಬೇಕು, ಲಿಸ್ಟಪ್ಪನೇ ಪಾಠ ಹೇಳಬೇಕು. ಬೇರೆ ಬೇರೆ ಡಿಪೋಗಳಿಂದ ಹದಿನಾಲ್ಕು ಜನ ಬಂದು ಬೆಂಚುಗಳ ಮೇಲೆ ಕೂತರು. ಲಿಸ್ಟಪ್ಪ ಕಪ್ಪುಹಲಗೆಯ ಮೇಲೆ ಹತ್ತೊಂಬತ್ತು ಚೌಕ ಬರೆದು ಒಂದೊಂದರಲ್ಲೂ ಏನೇನು ಎಂದು ತುಂಬಿಸಿದ. ಚೆನ್ನಾಗಿಯೇ ಹೇಳಿದ, ಎರಡು ತಮಾಷೆಯನ್ನೂ ಮಾಡಿದ.

ಹಿಂದಿನ ಬೆಂಚಿನಲ್ಲಿ ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದವನೊಬ್ಬ ಕೇಳಿದ: “ಮೇಷ್ಟ್ರೇ, ಸಣ್ಣ ಸಾಮಾನು ಯಾವುದರ ಮೇಲೆ?”

“ಹನ್ನೊಂದನೇದು.”

“ಹನ್ನೊಂದನೇದೇ ಬಿದ್ರೆ?”

ಎಲ್ಲರೂ ನಕ್ಕರು. ಕೇಳಿದವನು ನಗಲಿಲ್ಲ. ಅವನ ಬಲಗೈ ಕೋಟಿನ ಜೇಬಿನಲ್ಲಿತ್ತು. ಲಿಸ್ಟಪ್ಪ ಸೀಮೆಸುಣ್ಣ ಕೆಳಗಿಟ್ಟು, ಟೀ ಕುಡಿದು ಬನ್ನಿ ಎಂದು ಎಲ್ಲರನ್ನೂ ಹೊರಗೆ ಕಳಿಸಿದ. ಆ ಮನುಷ್ಯ ಮಾತ್ರ ಹೊರಡಲಿಲ್ಲ. ಹಲಗೆಯ ಹತ್ತಿರ ಬಂದು ಜೇಬಿನಿಂದ ಕೈ ತೆಗೆದ. ಹೆಬ್ಬೆರಳು ಒಂದೇ ಇತ್ತು.

“ನಾನು ಆ ಠಾಣೇಲಿದ್ದೆ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಬಂದೂಕು ಹಿಡಿಯೋಕಾಗಲ್ಲ ಅಂತ ಡಿಪೋ ಕೆಲಸಕ್ಕೆ ಹಾಕಿದ್ರು. ಎರಡು ವರ್ಷದಿಂದ ಬೆಳಿಗ್ಗೆ ಗುಂಡಿ ಹಾಕ್ಕೊಳ್ಳೋವಾಗೆಲ್ಲ ಆ ಹೇಸರಗತ್ತೆಯವನಿಗೆ ಶಾಪ ಹಾಕ್ತಾ ಬಂದಿದೀನಿ. ಅವನ ಕೈಯೂ ಸೇದಿಹೋಗ್ಲಿ ಅಂತ. ಈಗ ಈ ಬೋರ್ಡ್ ನೋಡಿದ್ರೆ... ನೀವೇ ಹೇಳಿ ಮೇಷ್ಟ್ರೇ, ನಾನು ಯಾರಿಗೆ ಶಾಪ ಹಾಕ್ಬೇಕಿತ್ತು?”

ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸುವುದು ಎಂದರೇನೆಂದು ಲಿಸ್ಟಪ್ಪನಿಗೆ ಅವತ್ತು ತಿಳಿಯಿತು. ಅದು ಬಾಯಿ ಬಿಡುವುದಿಲ್ಲ. ನಾವೇ ಬಿಡಬೇಕು.

“ನನಗೆ,” ಎಂದ. “ನನಗೇ ಹಾಕ್ಬೇಕಿತ್ತು.”

ಸಿಪಾಯಿ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಬಯ್ಯಲಿಲ್ಲ, ಹೊಡೆಯಲಿಲ್ಲ, ಹೋಗಿ ತನ್ನ ಜಾಗದಲ್ಲಿ ಕೂತ. ಬಯ್ದಿದ್ದರೆ ಲಿಸ್ಟಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಟೀ ಮುಗಿಸಿ ಬಂದವರ ಮುಂದೆ ಲಿಸ್ಟಪ್ಪ ಹತ್ತೊಂಬತ್ತು ಚೌಕಗಳನ್ನೂ ಒರೆಸಿದ. “ಇದು ತಪ್ಪು. ಇನ್ನೊಂದು ಹೇಳ್ಕೊಡ್ತೀನಿ,” ಎಂದು ಹಗ್ಗದಜ್ಜನ ಸಂಸಾರದ ಪೆಟ್ಟಿಗೆಯನ್ನು ಬರೆದ. ಸಂಜೆ ಸಾಹೇಬರ ಕೋಣೆಗೆ ಹೋಗಿ ತನ್ನ ಪದ್ಧತಿಯಲ್ಲೇ ದೋಷವಿದೆ, ಠಾಣೆಗೆ ಆಪತ್ತು ಬಂದದ್ದು ಅದರಿಂದಲೇ ಎಂದು ಹೇಳಿದ. ಸಾಹೇಬರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು.

“ಪದ್ಧತಿ ಬದಲಾಯಿಸೋಣ, ನಾಳೆಯಿಂದಲೇ. ಈ ವರ್ಷದ ಸರದಿ ಇನ್ನೂ ಶುರುವಾಗಿಲ್ಲ, ಪುಣ್ಯ. ಆದ್ರೆ ಆ ಹಳೇ ವಿಚಾರಣೆ ಮುಗಿದುಹೋದ ಕಥೆ. ಅದನ್ನ ಕೆದಕಿದ್ರೆ ನಿಂಗೂ ಕಷ್ಟ, ನಂಗೂ ಕಷ್ಟ. ಅಲ್ವಾ?”

ಲಿಸ್ಟಪ್ಪ “ಹೌದು ಸಾರ್” ಎಂದ. ಬೀರುವಿನ ಕೆಳಗಿನ ಹಲಗೆಯ ಮಾತು ಎತ್ತಲಿಲ್ಲ. ಹೊರಗೆ ಬಂದಾಗ ಎದೆ ಹಗುರವಾಗಿತ್ತು. ಹಗುರವಾದದ್ದು ತಿಳಿದೊಡನೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೆಂಡತಿಗೂ ಅವನು ಅರ್ಧವೇ ಹೇಳಿದ. ಅರ್ಧ ಸೋಪಿನವನಲ್ಲವೆ! ಪೆಟ್ಟಿಗೆ ತುಂಬಿದ ರೀತಿ ತನ್ನದು, ಠಾಣೆಯಲ್ಲಿ ಪಿನ್ನಿಲ್ಲದೆ ಹೋದದ್ದು ತನ್ನಿಂದ, ನಿನ್ನ ತಮ್ಮನೊಬ್ಬನದೇ ತಪ್ಪಲ್ಲ ಎಂದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೈಬಿಟ್ಟಳು.

“ಅಂದ್ರೆ ಅವನು ಗಂಟು ಸಡಿಲ ಹಾಕಿದ್ದು ಸುಳ್ಳಾ?”

“ಅದು... ಅದು ಯಾರಿಗೆ ಗೊತ್ತು? ಹಾಕಿದ್ರೂ, ನನ್ನ ಪೆಟ್ಟಿಗೆ ಸರಿಯಾಗಿದ್ದಿದ್ರೆ ಠಾಣೆಯವರಿಗೆ ಏನೂ ಆಗ್ತಿರ್ಲಿಲ್ಲ.”

ಯಾರಿಗೆ ಗೊತ್ತು ಎಂದ, ಏನೂ ಅರಿಯದವನ ಹಾಗೆ! ಗೊತ್ತಿದ್ದವನು ಇಡೀ ಡಿಪೋದಲ್ಲಿ ಅವನೊಬ್ಬನೇ.

ಹೆಂಡತಿ ಕೈಬಿಟ್ಟ ಬಟ್ಟೆಯನ್ನು ಎತ್ತಿ ಮಡಿಸಿಟ್ಟಳು. ಆಮೇಲೆ “ಭಾನುವಾರ ಅವನ ಮನೆಗೆ ಹೋಗೋಣ. ನಾನೂ ಬಾಗಿಲು ತೆಗೀಲಿಲ್ವಲ್ಲ,” ಎಂದಳು.

ಬಾಮೈದ ಈಗ ಊರಾಚೆಯ ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದ. ಮಿಲ್ಲಿನ ಹಿಂದೆ ಒಂದೇ ಕೋಣೆಯ ಮನೆ, ಅಂಗಳದ ತುಂಬ ಮರದ ಹೊಟ್ಟು. ಇವರು ಹೋದಾಗ ಅವನು ಕೈಗಾಡಿಯ ಮೇಲೆ ಹಲಗೆಗಳನ್ನು ಪೇರಿಸಿ ಹಗ್ಗ ಕಟ್ಟುತ್ತಿದ್ದ. ಗಂಟು ಹಾಕಿದ, ಎಳೆದು ನೋಡಿದ, ಬಿಚ್ಚಿದ. ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಮೂರನೆಯ ಸಲ ಹಾಕುವಾಗ ಅಕ್ಕನನ್ನು ನೋಡಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತು, “ದಿನಾ ಇದೇ ಆಗಿದೆ ಅತ್ತಿಗೆ. ಒಂದು ಗಾಡಿಗೆ ಅರ್ಧ ಗಂಟೆ. ಮಾಲೀಕ ಬಯ್ತಾನೆ,” ಎಂದಳು.

ಒಳಗೆ ಇದ್ದದ್ದು ಒಂದೇ ಕುರ್ಚಿ. ಅದನ್ನು ಭಾವನಿಗೆ ಕೊಟ್ಟರು. ಆ ಕುರ್ಚಿಯ ಮೇಲೆ ಕೂತು ಲಿಸ್ಟಪ್ಪ, ಹೆಂಡತಿಗೆ ಹೇಳಿದಷ್ಟನ್ನೇ ಇಲ್ಲೂ ಹೇಳಿದ. ಬಾಮೈದ ತಲೆ ತಗ್ಗಿಸಿ ಕೇಳಿದ. ಸಿಟ್ಟಾಗಲಿಲ್ಲ.

“ಅದೆಲ್ಲ ದೊಡ್ಡವರ ವಿಷ್ಯ ಭಾವ. ಪೆಟ್ಟಿಗೇಲಿ ಏನಿತ್ತೋ ನಂಗೇನು ಗೊತ್ತು? ನಂಗೆ ಬೇಕಾಗಿರೋದು ಒಂದೇ.” ಅವನು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದ. “ಅವತ್ತು ಬೆಳಿಗ್ಗೆ ಗಟ್ಟಿಯಾಗೇ ಕಟ್ಟಿದ್ದೆ ಅಂತ ನಂಗೆ ನೆನಪು. ಅಷ್ಟು ಜನ ಓದಿದೋರು ಸಡಿಲ ಇತ್ತು ಅಂದ್ರು. ನೀವೂ ಅಲ್ಲೇ ಇದ್ರಿ, ಏನೂ ಹೇಳ್ಲಿಲ್ಲ. ನೀವು ಲೆಕ್ಕ ತಪ್ಪೋರಲ್ಲ. ಹಾಗಾದ್ರೆ ನನ್ನ ನೆನಪೇ ಸುಳ್ಳಿರ್ಬೇಕು ಅಂದ್ಕೊಂಡೆ. ಆ ಹುಡುಗನ ಕೈ ತಿಂದೋನು ನಾನೇ ಅಂದ್ಕೊಂಡೆ. ನಾನು ಕಟ್ಟಿದ್ದು ಸರಿ ಇತ್ತಾ ಭಾವ?”

ಹೆಂಡತಿ ಗಂಡನ ಮುಖ ನೋಡಿದಳು. ಲಿಸ್ಟಪ್ಪ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ಇನ್ನು ಅರ್ಧ ಹೇಳಲು ಜಾಗವಿರಲಿಲ್ಲ.

“ಸರಿ ಇತ್ತು. ಪೆಟ್ಟಿಗೆ ಸಿಕ್ಕಿದೆ. ಜೀನಿಗೆ ಕಟ್ಟಿದ ಹಾಗೇ ಸಿಕ್ಕಿದೆ. ಅಷ್ಟು ಎತ್ತರದಿಂದ ಬಿದ್ರೂ ನಿನ್ನ ಗಂಟು ಬಿಚ್ಚಿರ್ಲಿಲ್ಲ. ಕೊಯ್ದು ತೆಗೀಬೇಕಾಯ್ತು ಅಂತ ಚೀಟಿ ಬಂದಿದೆ.”

“ಯಾವಾಗ ಬಂತು?” ಇದು ಹೆಂಡತಿ.

“ಹೋದ ವರ್ಷ.”

“ಹೋದ ವರ್ಷ ಯಾವಾಗ?”

“ಬೇಸಿಗೇಲಿ.”

ಅವಳು ಎದ್ದು ಹೋಗಿ ತಮ್ಮನ ಪಕ್ಕದಲ್ಲಿ, ಗಂಡನಿಗೆ ಎದುರಾಗಿ ಕೂತಳು. ಲಿಸ್ಟಪ್ಪ ನೆಲ ನೋಡುತ್ತ, ನಾಳೆಯೇ ಚೀಟಿ ಹಿಡಿದು ಸಾಹೇಬರ ಹತ್ತಿರ ಹೋಗುತ್ತೇನೆ, ನನ್ನ ಕೆಲಸ ಹೋದರೂ ಸರಿ, ವಿಚಾರಣೆ ಮತ್ತೆ ತೆಗೆಸುತ್ತೇನೆ, ಆ ಸಿಪಾಯಿಗೂ ಹೇಳುತ್ತೇನೆ ಎಂದು ಒಂದರ ಹಿಂದೊಂದು ಹೇಳುತ್ತಲೇ ಹೋದ. ಬಾಮೈದನ ಕಿವಿಗೆ ಅದು ಯಾವುದೂ ಬಿದ್ದ ಹಾಗೆ ಕಾಣಲಿಲ್ಲ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಗಂಟು ಬಿಚ್ಚಿರ್ಲಿಲ್ವಾ?” ಎಂದ.

“ಬಿಚ್ಚಿರ್ಲಿಲ್ಲ.”

“ಇನ್ನೊಂದ್ಸಲ ಹೇಳಿ ಭಾವ.”

ಲಿಸ್ಟಪ್ಪ ಇನ್ನೊಂದು ಸಲ ಹೇಳಿದ. ಹೇಳಿ ಮುಗಿಸಲು ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ.